ಘಟ್ಟದ ಸಣ್ಣ ಶಾಲೆ ಮತ್ತು ಮಕ್ಕಳ ಮನಸ್ಸು

ಹಳೆಯ ಮೈಸೂರು ಸೀಮೆಯ ಕೂಲಿಮಠಗಳಲ್ಲಿ ಅಕ್ಷರವೂ ಅಂಜಿಕೆಯೂ ಜೊತೆಜೊತೆಗೇ ಬರುತ್ತಿದ್ದವು. ಮಗ್ಗಿ ತಪ್ಪಿದವನಿಗೆ ಬಸ್ಕಿ, ಮಠ ತಪ್ಪಿಸಿದವನಿಗೆ ಜಂತಿಯ ಹಗ್ಗ ಹಿಡಿದು ಜೋತಾಡುವ ಕೋದಂಡ, ಉಳಿದೆಲ್ಲಕ್ಕೂ ಐಗಳ ಬೆತ್ತ. ಪೆಟ್ಟು ತಿನ್ನದೆ ವಿದ್ಯೆ ಹತ್ತದೆಂದು ಹೆತ್ತವರೂ ನಂಬಿದ್ದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಶಾಲೆಗಳು ಹೆಚ್ಚಿದವು, ಬೆತ್ತ ಮಾತ್ರ ಉಳಿಯಿತು. ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಆ ಶಾಸ್ತ್ರ ಹಳ್ಳಿಯ ತರಗತಿಯ ಬಾಗಿಲಿಗೆ ಬರಲು ಇನ್ನೂ ಎಷ್ಟೋ ದಶಕಗಳು ಹಿಡಿದವು.

ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಸೀಮೆಯಲ್ಲಿ ಶಾಸ್ತ್ರಕ್ಕೂ ತರಗತಿಗೂ ನಡುವಿನ ಈ ದೂರ ಇನ್ನೂ ಹೆಚ್ಚು. ಇಲ್ಲಿನ ಊರುಗಳಲ್ಲಿ ಮನೆಗಳು ಒತ್ತಾಗಿಲ್ಲ. ಗುಡ್ಡಕ್ಕೊಂದು ಮನೆ, ತೋಟಕ್ಕೊಂದು ಕೂಲಿಕಾರರ ಲೈನ್. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯು, ಒಂದು ತೋಟದಲ್ಲಿ 6ರಿಂದ 12 ವರ್ಷದ ಕಾರ್ಮಿಕರ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಅವರ ಓದಿಗೆ ಮಾಲೀಕರೇ ಏರ್ಪಾಡು ಮಾಡುವಂತೆ ನಿಯಮ ರೂಪಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿತು. ಅಷ್ಟು ಮಕ್ಕಳಿಲ್ಲದ ಸಣ್ಣ ತೋಟಗಳ ಪಾಲಿಗೆ ಉಳಿದದ್ದು ಒಬ್ಬರೋ ಇಬ್ಬರೋ ಮೇಷ್ಟ್ರ ಸರ್ಕಾರಿ ಶಾಲೆ. ಎಡಕುಮೇರಿ ಇಂಥ ಕಡೆಗಳಲ್ಲೇ ತೀರಾ ಒಳಗಿನದು. 1979ರಲ್ಲಿ ಹಾಸನ–ಮಂಗಳೂರು ಮೀಟರ್‌ಗೇಜ್ ರೈಲು ಘಟ್ಟ ಇಳಿದಾಗ ಕಡಗರವಳ್ಳಿಗೂ ಶಿರಿಬಾಗಿಲಿಗೂ ನಡುವೆ ಇಲ್ಲೊಂದು ನಿಲ್ದಾಣವಾಯಿತು. ಬ್ರಾಡ್‌ಗೇಜ್ ಕೆಲಸಕ್ಕಾಗಿ 1996ರಲ್ಲಿ ನಿಂತ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. 2024ರ ಜುಲೈನಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಗುಡ್ಡ ಜರಿದು ಹಳಿ ಮತ್ತೆ ಕಡಿಯಿತು.

ಇಂಥ ನೆಲದಲ್ಲಿ ಮಗುವಿನ ಮನಸ್ಸಿನ ಭಾರ ಶಾಲೆಯ ಗೇಟಿಗಿಂತ ಬಹಳ ಮೊದಲೇ ಶುರುವಾಗುತ್ತದೆ. ಜಡಿಮಳೆಯಲ್ಲಿ ಹಳ್ಳ ದಾಟಬೇಕು. ಆನೆ ಯಾವ ತೋಟದಲ್ಲಿದೆಯೆಂದು ಕೇಳಿಕೊಂಡು ಹೊರಡಬೇಕು. 2014ರಲ್ಲಿ ಆಲೂರು–ಸಕಲೇಶಪುರ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಈ ದಿಗಿಲು ತೀರಲಿಲ್ಲ. ಮಳೆಗೆ, ಜ್ವರಕ್ಕೆ, ಅಪ್ಪ ಅಮ್ಮ ಬೇರೆ ತೋಟಕ್ಕೆ ಹೋದದ್ದಕ್ಕೆ ವಾರಗಟ್ಟಲೆ ಶಾಲೆ ತಪ್ಪುತ್ತದೆ. ತಿರುಗಿ ಬಂದಾಗ ಪಾಠ ಎಷ್ಟೋ ಮುಂದೆ ಹೋಗಿರುತ್ತದೆ. ಎಲ್ಲರೆದುರು ಎದ್ದು ನಿಂತು ಉತ್ತರ ಹೊಳೆಯದೆ ತಲೆ ತಗ್ಗಿಸಿದ ಮಗು ಮರುದಿನ ಹೊಟ್ಟೆನೋವೆನ್ನುತ್ತದೆ; ಆಮೇಲೆ ಬರುವುದೇ ಇಲ್ಲ. ಶಾಲೆ ಬಿಟ್ಟವರ ಪಟ್ಟಿಯಲ್ಲಿ ಬಡತನ ಕಾಣುತ್ತದೆ, ಈ ಅವಮಾನ ಕಾಣುವುದಿಲ್ಲ.

ಈ ಅವಮಾನಕ್ಕೆ ನೇರವಾಗಿ ಮದ್ದು ಹುಡುಕಿದ್ದು ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಪದ್ಧತಿಯನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ ತಮ್ಮ ಮಕ್ಕಳಿಗೆ ಒಗ್ಗುವಂತೆ ಅದನ್ನು ಕಟ್ಟಿಕೊಂಡರು. ಪುಸ್ತಕದ ಪಾಠಗಳ ಬದಲು ಕಲಿಕಾ ಏಣಿ ಬಂತು, ಸಾಲು ಬೆಂಚಿನ ಬದಲು ಗುಂಪು. ಕಪ್ಪುಹಲಗೆ ಮಗುವಿನ ಕೈಗೆಟಕುವಷ್ಟು ತಗ್ಗಿಗೆ ಇಳಿಯಿತು. ಮಕ್ಕಳ ಚಿತ್ರ, ಕಾಗದದ ಹೂವು ತಲೆಯ ಮೇಲಿನ ಚಪ್ಪರದಲ್ಲಿ ತೂಗಿದವು. ಎಲ್ಲಕ್ಕಿಂತ ದೊಡ್ಡದು ಇದು: ಹದಿನೈದು ದಿನ ಬಾರದ ಮಗು ಬಂದ ದಿನ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ, ಹಿಂದುಳಿದೆನೆಂದು ಯಾರೆದುರೂ ನಾಚಬೇಕಿಲ್ಲ. 2009–10ರಿಂದ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಇದು ಹರಡಿತು. ಹಲವು ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸುವುದು ಅಲ್ಲಿಯವರೆಗೆ ಸಣ್ಣ ಶಾಲೆಯ ಕೊರತೆಯಾಗಿತ್ತು. ಇಲ್ಲಿ ಅದೇ ಪದ್ಧತಿಯಾಯಿತು. ಕರ್ನಾಟಕದ ಶಾಲಾ ಇತಿಹಾಸದಲ್ಲಿ ಮಗುವಿನ ಮಾನವನ್ನು ಇಷ್ಟು ಎಚ್ಚರದಿಂದ ಕಾಯ್ದ ಪ್ರಯೋಗಗಳು ಕಡಿಮೆ.

2003ರಲ್ಲಿ ಹಾಸನವೂ ಸೇರಿ ಇನ್ನಷ್ಟು ಜಿಲ್ಲೆಗಳಿಗೆ ಬಂದ ಬಿಸಿಯೂಟದ ಅಕ್ಷರ ದಾಸೋಹ, ಹಾಲು ಕೊಡುವ 2013ರ ಕ್ಷೀರಭಾಗ್ಯ ಹಸಿವಿನ ಮಂಕನ್ನು ಕಳೆದವು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಕೋದಂಡದ ಕಾಲದಿಂದ ಇಲ್ಲಿಗೆ ಬಂದದ್ದು ಸಣ್ಣ ಹಾದಿಯಲ್ಲ.

ಹದಿಹರೆಯದವರ ಕಡೆಗೆ ಕೈಚಾಚಿದ್ದು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್. ಅಲ್ಲಿನ ಮಾಳವಿಕಾ ಕಪೂರ್ ಶಾಲಾ ಮಕ್ಕಳ ಮಾನಸಿಕ ಆರೋಗ್ಯದ ಮೇಲೆ ವರ್ಷಗಟ್ಟಲೆ ದುಡಿದು 1997ರಲ್ಲಿ ಪುಸ್ತಕ ತಂದರು. ಊರೂರಿಗೂ ಮನಶ್ಶಾಸ್ತ್ರಜ್ಞರು ಸಿಗುವುದಿಲ್ಲ. ಆದ್ದರಿಂದ ಶಿಕ್ಷಕರನ್ನೇ ತಯಾರು ಮಾಡಬೇಕೆಂಬುದು ನಿಮ್ಹಾನ್ಸ್ ಹಿಡಿದ ದಾರಿ. ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ ಅವರ ಜೀವನ ಕೌಶಲ ಶಿಕ್ಷಣವು ದಕ್ಷಿಣ ಕರ್ನಾಟಕದ ನಾಲ್ಕು ಜಿಲ್ಲೆಗಳ 261 ಪ್ರೌಢಶಾಲೆಗಳಲ್ಲಿ ನಡೆಯಿತು. 2010ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ, ಇದನ್ನು ಕಲಿತ ಮಕ್ಕಳಿಗೆ ಆತ್ಮಗೌರವ, ಕಷ್ಟ ಎದುರಿಸುವ ಧೈರ್ಯ, ಶಿಕ್ಷಕರೊಡನೆ ಹೊಂದಾಣಿಕೆ ಹೆಚ್ಚಿದ್ದು ಕಂಡಿತು. ಆದರೆ ಮನೆಯಲ್ಲಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮನೆಯ ಜಗಳ, ಕುಡಿತ, ಸಾಲ ಇವುಗಳ ಮುಂದೆ ತರಗತಿಯ ಪಾಠಕ್ಕೆ ಮಿತಿಯಿದೆ.

ಸಣ್ಣ ಶಾಲೆಗೆ ಒಂದು ಬಲವಿದೆ: ಮೇಷ್ಟ್ರಿಗೆ ಪ್ರತಿ ಮಗುವಿನ ಮನೆ ಗೊತ್ತು, ಯಾರು ಮಂಕಾಗಿದ್ದಾರೆಂದು ಹಾಜರಿ ಕೂಗುವಾಗಲೇ ತಿಳಿಯುತ್ತದೆ. ತೊಡಕೂ ಅಲ್ಲೇ ಇದೆ. ಅದೇ ಮೇಷ್ಟ್ರು ಬಿಸಿಯೂಟದ ಲೆಕ್ಕ, ಇಲಾಖೆಯ ಮಾಹಿತಿ, ಐದು ತರಗತಿಯ ಪಾಠ ಎಲ್ಲವನ್ನೂ ನೋಡಬೇಕು; ಅವರಿಗೇ ಮನಸ್ಸು ಹಗುರ ಮಾಡಿಕೊಳ್ಳಲು ಜೊತೆಯಿಲ್ಲ. 60 ಮಕ್ಕಳವರೆಗಿನ ಶಾಲೆಗೂ ಇಬ್ಬರು ಶಿಕ್ಷಕರಿರಬೇಕೆಂಬ ಶಿಕ್ಷಣ ಹಕ್ಕು ಕಾಯ್ದೆಯ ಮಾತನ್ನು ಘಟ್ಟದ ಶಾಲೆಗಳ ವಿಷಯದಲ್ಲಿ ಮೊದಲು ಪಾಲಿಸಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೂ ದೊರೆಯುತ್ತದೆ. ಅದರ ಸಂಖ್ಯೆ 14416. ಮಕ್ಕಳಿಗೂ ಮೇಷ್ಟ್ರಿಗೂ ಕಾಣುವಂತೆ ಅದನ್ನು ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಸುವ ಕೆಲಸವನ್ನು ಶಾಲಾಭಿವೃದ್ಧಿ ಸಮಿತಿಗಳು ಈ ವರ್ಷವೇ ಮಾಡಲಿ.