ಬೈಯದ 'ಬೈ'

ಕನ್ನಡದ ಕಿವಿಗೆ 'ಬೈ' ಎಂದರೆ ಮೊದಲು ಬೈಗುಳವೇ. ಮನೆಯಲ್ಲಿ ಅವ್ವ ಬೈಯುತ್ತಾಳೆ, ಶಾಲೆಯಲ್ಲಿ ಮೇಷ್ಟ್ರು ಬೈಯುತ್ತಾರೆ. ಅದೇ ಮೇಷ್ಟ್ರು ಇಂಗ್ಲಿಷ್ ಪೀರಿಯಡ್ಡಿನಲ್ಲಿ 'ಬೈ ಅಂದರೆ ಇಂದ' ಎಂದು ಬೋರ್ಡಿನ ಮೇಲೆ ಬರೆದು ಮುಂದಿನ ಪದಕ್ಕೆ ಹೋಗಿಬಿಡುತ್ತಾರೆ. ಈ ಒಂದು ಸಾಲನ್ನು ನಂಬಿ ದಾರಿ ತಪ್ಪಿದ ಮಕ್ಕಳಿಗೆ ಲೆಕ್ಕವಿಲ್ಲ. ಆದರೆ ಸೊರಬ ತಾಲ್ಲೂಕಿನ ಜಡೆಯಂಥ ಹೋಬಳಿ ಊರಿನಲ್ಲಿ ಇಂಗ್ಲಿಷಿನ ಒಂದು ವಾಕ್ಯ ಆಡದವರೂ ಈ ಪದವನ್ನು ನಾಲ್ಕೈದು ಅರ್ಥದಲ್ಲಿ ಸಲೀಸಾಗಿ ಆಡುತ್ತಾರೆ, ಒಂದೂ ತಪ್ಪಿಲ್ಲದೆ.

ಶಿವಮೊಗ್ಗ ಸೀಮೆಯವರಿಗೆ ಬೈ ಎಲೆಕ್ಷನ್ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. 2005ರಲ್ಲಿ ಲೋಕಸಭೆಗೆ ನಡೆದಾಗ ಕುಬಟೂರಿನ ಬಂಗಾರಪ್ಪನವರು ಬಿಜೆಪಿ ಬಿಟ್ಟು ಸಮಾಜವಾದಿ ಪಕ್ಷದಿಂದ ನಿಂತು ಗೆದ್ದರು. 2014ರಲ್ಲಿ ಶಿಕಾರಿಪುರ ವಿಧಾನಸಭೆಗೆ ನಡೆಯಿತು, 2018ರಲ್ಲಿ ಮತ್ತೆ ಲೋಕಸಭೆಗೆ. 'ಉಪಚುನಾವಣೆ' ಪೇಪರಿನವರ ಮಾತು, ಕಟ್ಟೆಯ ಮೇಲೆ ಕೂತವರಿಗೆ ಅದು ಬೈ ಎಲೆಕ್ಷನ್ನೇ. ಮುಖ್ಯದ್ದಲ್ಲ, ಪಕ್ಕದ್ದು ಎಂದು ಅರ್ಥ. ಬೈಪಾಸ್ ರಸ್ತೆಯೂ ಹಾಗೇ, ಊರೊಳಗೆ ಹೊಗದೆ ಪಕ್ಕದಲ್ಲಿ ಹಾದುಹೋಗುವಂಥದ್ದು. ಇಂಗ್ಲಿಷಿನಲ್ಲೂ ಈ ಪದದ ಹಳೆಯ ಅರ್ಥ 'ಹತ್ತಿರ' ಎಂದೇ. 'ಬೈ ದ ಲೇಕ್' ಎಂದರೆ ಕೆರೆಯಿಂದ ಅಲ್ಲ, ಕೆರೆ ಪಕ್ಕ. ಕೆರೆಗಳಿಗೆ ಹೆಸರಾದ ಸೊರಬದಲ್ಲಿ ಪಾಠವನ್ನು ಕೆರೆ ಏರಿಯ ಮೇಲಿಂದಲೇ ಶುರು ಮಾಡಬಹುದಿತ್ತು.

ಸೊಸೈಟಿಯ ವಾರ್ಷಿಕ ಸಭೆಯಲ್ಲಿ 'ಬೈಲಾ ತಿದ್ದುಪಡಿ' ಎಂದು ಓದುವ ಬೈ ಮಾತ್ರ ಬೇರೆ ಮನೆತನದ್ದು. ಸ್ಕ್ಯಾಂಡಿನೇವಿಯದ ಹಳೆಯ ನುಡಿಯಲ್ಲಿ ಊರು ಎಂಬ ಅರ್ಥಕ್ಕೆ, ಬರೆದರೆ ಇದನ್ನೇ ಹೋಲುವ ಒಂದು ಪದವಿತ್ತು. ಇಂಗ್ಲೆಂಡಿನ ಡರ್ಬಿ, ವಿಟ್ಬಿಗಳ ಬಾಲದಲ್ಲಿರುವ 'ಬಿ' ಅದೇ. ಬೈಲಾ ಎಂದರೆ ಊರ ಕಟ್ಟಳೆ. ನಾವು ಹಾಗೇ ಕರೆದಿದ್ದರೂ ಚೆನ್ನಾಗಿರುತ್ತಿತ್ತು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಪಹಣಿಯ ಬೈ. ಒಂದು ಗದ್ದೆಯ ಸರ್ವೆ ನಂಬರು 42 ಎಂದುಕೊಳ್ಳಿ. ಅಪ್ಪನ ಕಾಲದಲ್ಲಿ ಅದು ಬರೀ ನಲವತ್ತೆರಡು. ಅಣ್ಣತಮ್ಮಂದಿರು ಪಾಲಾದರು, ಅರ್ಜಿ ಕೊಟ್ಟರು, ಸರ್ವೆಯರ್ ಬಂದು ಅಳೆದು ಪೋಡಿ ಮಾಡಿದರು. ಅಲ್ಲಿಗೆ ಅಣ್ಣನದು 42/1, ತಮ್ಮನದು 42/2. ಬಾಯಲ್ಲಿ ಅದು 'ನಲವತ್ತೆರಡು ಬೈ ಒಂದು', 'ನಲವತ್ತೆರಡು ಬೈ ಎರಡು'. ನಡುವೆ ಎಳೆದ ಆ ಓರೆಗೆರೆಗೆ ನಮ್ಮ ಜನ ಇಟ್ಟ ಹೆಸರೇ ಬೈ. ಮನೆ ಒಡೆದದ್ದನ್ನು ಊರವರು ಮರೆತರೂ ಪಹಣಿ ಮರೆಯುವುದಿಲ್ಲ. ಹೋಟೆಲಿನಲ್ಲಿ ಕೇಳುವ ಬೈ ಟು ಕಾಫಿಯೂ ಇದೇ ಭಾಗಾಕಾರದ ಲೆಕ್ಕ, ಅಲ್ಲಿ ಪಾಲಾದವರು ನಗುತ್ತಾ ಏಳುತ್ತಾರೆ ಎಂಬುದಷ್ಟೇ ವ್ಯತ್ಯಾಸ. (ಲಂಡನ್ನಿನಲ್ಲಿ ಹೋಗಿ ಬೈ ಟು ಎಂದರೆ ಯಾರಿಗೂ ತಿಳಿಯಲಿಕ್ಕಿಲ್ಲ.) ಅದೇ '30 ಬೈ 40 ಸೈಟು' ಎಂದಾಗ ಬೈ ಗುಣಾಕಾರವಾಗುತ್ತದೆ, 1200 ಚದರಡಿ. ಎಲ್ಲಿ ಗುಣಿಸಬೇಕು, ಎಲ್ಲಿ ಭಾಗಿಸಬೇಕು ಎಂದು ಯಾರೂ ತಡವರಿಸುವುದಿಲ್ಲ.

ತಡವರಿಕೆ ಶುರುವಾಗುವುದು ಮೇಷ್ಟ್ರ 'ಇಂದ'ದಲ್ಲಿ. ನಮ್ಮ 'ಇಂದ' ಮಹಾ ಉದಾರಿ. ಶಾಸಕರಿಂದ ಗುದ್ದಲಿಪೂಜೆ, ಗುದ್ದಲಿಯಿಂದ ಅಗೆತ, ಮಳೆಯಿಂದ ಹಾನಿ, ಆನವಟ್ಟಿಯಿಂದ ಬಸ್ಸು, ಸೋಮವಾರದಿಂದ ಜ್ವರ ಎಂದು ಕರೆದಲ್ಲಿಗೆಲ್ಲ ಹೋಗುತ್ತದೆ. ಪಂಚಮಿ ವಿಭಕ್ತಿಗೆ 'ದೆಸೆಯಿಂದ' ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಾರೆ ನಿಜ, ಆದರೆ ಆನವಟ್ಟಿಯ ದೆಸೆಯಿಂದ ಬಸ್ಸು ಬಂತು ಎಂದವರನ್ನು ನಾನಂತೂ ಕಂಡಿಲ್ಲ. ಇಂಗ್ಲಿಷಿನವರು ಈ ಕೆಲಸವನ್ನು ಹಂಚಿಕೊಟ್ಟಿದ್ದಾರೆ. ಆನವಟ್ಟಿಗೆ ಫ್ರಮ್, ಸೋಮವಾರಕ್ಕೆ ಸಿನ್ಸ್. ಶಾಸಕರಿಗೂ ಮಳೆಗೂ ಬೈ, ಏಕೆಂದರೆ ಕೆಲಸ ಮಾಡಿದ್ದು ಅವರು. ಗುದ್ದಲಿ ತಾನಾಗಿ ಏನೂ ಮಾಡುವುದಿಲ್ಲ, ಯಾರದೋ ಕೈಯಲ್ಲಿರುತ್ತದೆ, ಅದಕ್ಕೆ ವಿತ್. 'ಕೋಲಿನಿಂದ ಹೊಡೆದ' ಎನ್ನುವುದನ್ನು 'ಬೈ ಎ ಸ್ಟಿಕ್' ಎಂದು ಬರೆಯುವ ಹುಡುಗ ಈ ಜಾಗದಲ್ಲೇ ಎಡವುವುದು.

ಇನ್ನೊಂದು ಕಡೆ ಇದರ ತಿರುಗುಮುರುಗು. 'ಬಸ್ಸಿನಲ್ಲಿ ಬಂದೆ' ಎಂಬಲ್ಲಿ ಇಂದದ ಸುಳಿವೇ ಇಲ್ಲ, ಆದರೂ ಇಂಗ್ಲಿಷಿನಲ್ಲಿ 'ಬೈ ಬಸ್'. ಅದೂ ಬಸ್ಸು ಬೋಳಾಗಿದ್ದರೆ ಮಾತ್ರ. ಹಿಂದೆ 'ದ', 'ಮೈ' ಸೇರಿತೋ, ಬೈ ಜಾಗ ಬಿಡುತ್ತದೆ: 'ಆನ್ ದ ಬಸ್', 'ಇನ್ ಮೈ ಕಾರ್'. ಬೈ ಬಸ್, ಬೈ ಸೈಕಲ್ ಎಂದು ಹೇಳಿ ರೂಢಿಯಾದ ನಾಲಗೆ 'ಬೈ ವಾಕ್' ಎನ್ನುವುದು ಸಹಜ. ಅದರ ತರ್ಕದಲ್ಲಿ ತಪ್ಪಿಲ್ಲ, ಇಂಗ್ಲಿಷ್ ಮಾತ್ರ ಒಪ್ಪುವುದಿಲ್ಲ. 'ಆನ್ ಫುಟ್' ಎನ್ನಬೇಕು, ಅಥವಾ ಸುಮ್ಮನೆ 'ಐ ವಾಕ್ಡ್'. ಹಾಗೆಯೇ ಕನ್ನಡದಲ್ಲಿ ಪದ್ಯವನ್ನು ಬೈಹಾರ್ಟ್ ಮಾಡಬಹುದು, ಇಂಗ್ಲಿಷಿನಲ್ಲಿ 'ಬೈಹಾರ್ಟೆಡ್' ಎನ್ನುವಂತಿಲ್ಲ. 'ಲರ್ನ್' ಎಂಬ ಕ್ರಿಯಾಪದವನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು.

ಸಮಯದ ಬೈ ಕಲಿಯುವವರಿಗೆ ಎಲ್ಲಕ್ಕಿಂತ ಉಪಯೋಗದ್ದು. 'ಐದು ಗಂಟೆಯೊಳಗೆ ಮುಗಿಸು' ಎಂದು ಕನ್ನಡದಲ್ಲಿ ಹೇಳಿದರೆ ಎರಡು ಅರ್ಥ ಬರುತ್ತದೆ: ಗಡಿಯಾರ ಐದು ತೋರಿಸುವುದರೊಳಗೋ, ಈಗಿನಿಂದ ಐದು ತಾಸಿನೊಳಗೋ? ಇಂಗ್ಲಿಷಿನಲ್ಲಿ ಮೊದಲನೆಯದು 'ಬೈ ಫೈವ್', ಎರಡನೆಯದು 'ವಿತಿನ್ ಫೈವ್ ಅವರ್ಸ್'. 'ವಿತಿನ್ ಫೈವ್ ಓ ಕ್ಲಾಕ್' ಎನ್ನುವುದು ಇವೆರಡರ ಕಲಬೆರಕೆ. 'ಐದರ ತನಕ ಕಾಯುತ್ತೇನೆ' ಎಂದರೆ ಕಾಯುವುದು ಅಲ್ಲಿಯವರೆಗೂ ನಡೆದೇ ಇರುತ್ತದೆ, ಅದಕ್ಕೆ 'ಅಂಟಿಲ್'. ಬೈ ಹಾಗಲ್ಲ, ಕೆಲಸ ಆ ಹೊತ್ತಿಗೆ ಮುಗಿದಿದ್ದರೆ ಆಯಿತು, ನಡುವೆ ನೀವು ಮಲಗಿದ್ದರೂ ಅದಕ್ಕೆ ಚಿಂತೆಯಿಲ್ಲ.

'ಅರ್ಜಿಗಳನ್ನು 31ರ ಒಳಗೆ ಸಲ್ಲಿಸತಕ್ಕದ್ದು' ಎಂಬ ನೋಟಿಸಿನ ಮುಂದೆ ನಿಂತವರು ಒಳಗಿನ ಗುಮಾಸ್ತರನ್ನು ಕೇಳುವುದುಂಟು: "ಸ್ವಾಮೀ, 31 ಸೇರಿಯೋ, ಬಿಟ್ಟೋ?" ಇಂಗ್ಲಿಷಿನಲ್ಲಿ 'ಬಿಫೋರ್' ಎಂದಿದ್ದರೆ 30ಕ್ಕೇ ಬಾಗಿಲು ಮುಚ್ಚಿತೆಂದು ಲೆಕ್ಕ. 'ಬೈ' ಎಂದಿದ್ದರೆ ಸಾಮಾನ್ಯವಾಗಿ 31 ಸೇರಿಯೇ.