ಟಿವಿ ಆಫ್ ಮಾಡಿದರೂ ಸೌಂಡ್‌ಬಾರ್ ಆಫ್ ಆಗುತ್ತಿಲ್ಲವೇ? ‘ಹ್ಯಾಕ್ ಆಗಿದೆ’ ಎನ್ನುವ ಮುನ್ನ ಇದನ್ನು ಓದಿ

ರಿಮೋಟ್ ಒತ್ತಿದರೆ ಟಿವಿ ಆಫ್ ಆಗುತ್ತದೆ, ಅದರ ಕೆಳಗಿರುವ ಸೌಂಡ್‌ಬಾರ್‌ನ ದೀಪ ಮಾತ್ರ ಉರಿಯುತ್ತಲೇ ಇರುತ್ತದೆ. ‘ಯಾರೋ ನಿಮ್ಮ ಮಾತು ಕದ್ದು ಕೇಳುತ್ತಿದ್ದಾರೆ’, ‘ಕರೆಂಟ್ ಬಿಲ್ ಎರಡು ಪಟ್ಟಾಗುತ್ತದೆ’, ‘ದುಬಾರಿ ಕೇಬಲ್ ಹಾಕಿದರೆ ಸರಿಹೋಗುತ್ತದೆ’ ಎಂಬಂಥ ಮಾತುಗಳು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆಗಾಗ ಸುತ್ತುತ್ತವೆ. ಈ ಮೂರನ್ನೂ ನಾವು ಪರಿಶೀಲಿಸೋಣ. ಅದಕ್ಕೂ ಮೊದಲು ಸೌಂಡ್‌ಬಾರ್ ಏಕೆ ಹೀಗೆ ಮಾಡುತ್ತದೆ ಎಂದು ತಿಳಿಯಬೇಕು.

ಆಫ್ ಆಗು ಎಂದು ಹೇಳುವವರು ಯಾರು?

ಟಿವಿ ಮತ್ತು ಸೌಂಡ್‌ಬಾರ್ ಎರಡೂ ಬೇರೆ ಬೇರೆ ಪ್ಲಗ್‌ನಿಂದ ಕರೆಂಟ್ ಪಡೆಯುವ ಪ್ರತ್ಯೇಕ ಉಪಕರಣಗಳು. ಟಿವಿ ಮಲಗುವ ಮುನ್ನ ‘ನೀನೂ ಮಲಗು’ ಎಂದು ಸೌಂಡ್‌ಬಾರ್‌ಗೆ ಹೇಳಬೇಕು. ಈ ಮಾತುಕತೆಗೆ ಎಚ್‌ಡಿಎಂಐ ಕೇಬಲ್ಲಿನೊಳಗೆ ಒಂದು ಪ್ರತ್ಯೇಕ ತಂತಿ ಇದೆ. ಕನೆಕ್ಟರ್‌ನ 13ನೇ ಪಿನ್ ಅದರದ್ದು. ಈ ವ್ಯವಸ್ಥೆಯ ಹೆಸರು ಸಿಇಸಿ.

ಆದ್ದರಿಂದ ಮೊದಲು ಕೇಬಲ್ ನೋಡಿ. ತುದಿಯಲ್ಲಿ ಕೆಂಪು ಬೆಳಕು ಕಾಣುವ ಸಣ್ಣ ಆಪ್ಟಿಕಲ್ ಕೇಬಲ್ ಹಾಕಿದ್ದರೆ ನಿಮ್ಮ ಉಪಕರಣದಲ್ಲಿ ಯಾವ ದೋಷವೂ ಇಲ್ಲ. ಆ ಕೇಬಲ್ ಧ್ವನಿಯನ್ನಷ್ಟೇ ಒಯ್ಯುತ್ತದೆ, ಆಜ್ಞೆಯನ್ನಲ್ಲ. ಬ್ಲೂಟೂತ್ ಮತ್ತು ಆಕ್ಸ್ ಕೇಬಲ್‌ನಲ್ಲೂ ಸಾಮಾನ್ಯವಾಗಿ ಇದೇ ಕತೆ. ಇಂಥ ಸಂಪರ್ಕದಲ್ಲಿ ಹಲವು ಸೌಂಡ್‌ಬಾರ್‌ಗಳು 15–20 ನಿಮಿಷ ಸದ್ದಿಲ್ಲದಿದ್ದರೆ ತಾವಾಗಿಯೇ ಮಲಗುತ್ತವೆ. ಸ್ವಲ್ಪ ಕಾದು ನೋಡಿ. ಮಲಗದಿದ್ದರೆ ಅದರ ಆ್ಯಪ್ ಅಥವಾ ರಿಮೋಟ್ ಮೆನುವಿನಲ್ಲಿ ‘ಆಟೋ ಪವರ್ ಆಫ್’ ಆನ್ ಇದೆಯೇ ಪರೀಕ್ಷಿಸಿ.

ಎಚ್‌ಡಿಎಂಐ ಕೇಬಲ್ಲೇ ಇದ್ದರೆ, ಅದು ಟಿವಿಯ ಹಿಂದೆ ‘ಎಆರ್‌ಸಿ’ ಅಥವಾ ‘ಇ-ಎಆರ್‌ಸಿ’ ಎಂದು ಬರೆದಿರುವ ಕಿಂಡಿಗೇ ಸೇರಿರಬೇಕು. ನಂತರ ಟಿವಿ ಸೆಟ್ಟಿಂಗ್ಸ್‌ಗೆ ಹೋಗಿ ಸಿಇಸಿ ಆನ್ ಮಾಡಿ. ತಮಾಷೆ ಎಂದರೆ ಅಲ್ಲಿ ‘ಸಿಇಸಿ’ ಎಂಬ ಹೆಸರೇ ಇರದಿರಬಹುದು. ಸ್ಯಾಮ್‌ಸಂಗ್ ಇದನ್ನು ‘ಎನಿನೆಟ್ ಪ್ಲಸ್’ ಎನ್ನುತ್ತದೆ, ಎಲ್‌ಜಿ ‘ಸಿಂಪ್ಲಿಂಕ್’ ಎನ್ನುತ್ತದೆ, ಸೋನಿಗೆ ಅದು ‘ಬ್ರಾವಿಯಾ ಸಿಂಕ್’, ಪ್ಯಾನಸೋನಿಕ್‌ಗೆ ‘ವಿಯೆರಾ ಲಿಂಕ್’. ಹೆಸರು ನಾಲ್ಕು, ವಸ್ತು ಒಂದೇ. ಜನ ಗೊಂದಲಕ್ಕೆ ಬೀಳುವುದಕ್ಕೆ ಈ ಹೆಸರುಗಳೇ ಮುಖ್ಯ ಕಾರಣ ಎಂಬುದು ನಮ್ಮ ಅನಿಸಿಕೆ. ಸೌಂಡ್‌ಬಾರ್‌ನಲ್ಲೂ ಇದೇ ಆಯ್ಕೆ ಇದ್ದರೆ ಅಲ್ಲಿಯೂ ಆನ್ ಆಗಿರಲಿ.

ಗೋಡೆಯ ಸ್ವಿಚ್‌ನ ಕಿತಾಪತಿ

ನಮ್ಮ ಮನೆಗಳಲ್ಲಿ ರಿಮೋಟ್ ಮುಟ್ಟದೆ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡುವ ಅಭ್ಯಾಸವಿದೆ. ಆಗ ಟಿವಿಗೆ ಸಂದೇಶ ಕಳಿಸಲು ಸಮಯವೇ ಸಿಗುವುದಿಲ್ಲ. ಬೇರೆ ಸಾಕೆಟ್‌ನಲ್ಲಿರುವ ಸೌಂಡ್‌ಬಾರ್ ಆಜ್ಞೆಗಾಗಿ ಕಾಯುತ್ತಾ ಎಚ್ಚರವಾಗಿಯೇ ಇರುತ್ತದೆ. ಮೊದಲು ರಿಮೋಟ್‌ನಿಂದ ಟಿವಿ ಆಫ್ ಮಾಡಿ, ಹತ್ತಿಪ್ಪತ್ತು ಸೆಕೆಂಡ್ ಬಿಟ್ಟು ಸ್ವಿಚ್ ತೆಗೆಯಿರಿ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಇನ್ನೂ ಸುಲಭ.

ಸೆಟ್‌ಟಾಪ್ ಬಾಕ್ಸ್ ನೇರವಾಗಿ ಸೌಂಡ್‌ಬಾರ್‌ಗೇ ಸೇರಿದ್ದರೆ ಇನ್ನೊಂದು ತೊಡಕಿದೆ. ಟಿವಿ ಆಫ್ ಆದರೂ ಬಾಕ್ಸ್ ಚಾನೆಲ್‌ನ ಧ್ವನಿಯನ್ನು ಕಳಿಸುತ್ತಲೇ ಇರಬಹುದು. ಸದ್ದು ಬರುತ್ತಿರುವಾಗ ಸೌಂಡ್‌ಬಾರ್ ತಾನಾಗಿ ಮಲಗುವುದು ಹೇಗೆ? ಬಾಕ್ಸನ್ನೂ ಆಫ್ ಮಾಡಿ.

ಎಲ್ಲವೂ ಸರಿಯಿದ್ದೂ ಕೆಲಸ ಮಾಡದಿದ್ದರೆ ಟಿವಿ, ಬಾಕ್ಸ್, ಸೌಂಡ್‌ಬಾರ್ ಮೂರರ ಪ್ಲಗ್ ಕಿತ್ತು ಐದು ನಿಮಿಷ ಬಿಡಿ. ಆಮೇಲೆ ಮೊದಲು ಟಿವಿ, ನಂತರ ಉಳಿದವನ್ನು ಆನ್ ಮಾಡಿ. ಸಿಕ್ಕಿಹಾಕಿಕೊಂಡ ಸಿಇಸಿ ಹಲವು ಬಾರಿ ಇಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಎರಡರ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ.

ಹಾಗಾದರೆ ಆ ಫಾರ್ವರ್ಡ್‌ಗಳು?

ಕದ್ದು ಕೇಳುವ ಮಾತು: ದೀಪ ಉರಿಯುತ್ತಿದೆ ಎಂದರೆ ಕರೆಂಟ್ ಇದೆ ಎಂದಷ್ಟೇ ಅರ್ಥ. ಮೈಕ್ ಇಲ್ಲದ ಸೌಂಡ್‌ಬಾರ್ ನಿಮ್ಮ ಮಾತು ಕೇಳಲಾರದು. ಆದರೆ ಅಲೆಕ್ಸಾ ಅಥವಾ ಗೂಗಲ್ ಅಸಿಸ್ಟೆಂಟ್ ಅಳವಡಿಸಿದ ಕೆಲವು ಮಾದರಿಗಳಲ್ಲಿ ಮೈಕ್ ಇರುತ್ತದೆ, ಸ್ಟ್ಯಾಂಡ್‌ಬೈನಲ್ಲೂ ಅದು ಕರೆಗಾಗಿ ಕಾಯುತ್ತಿರಬಹುದು. ಬಾಕ್ಸ್ ಮೇಲಿನ ವಿವರ ಓದಿ. ಮೈಕ್ ಇದ್ದು ನಿಮಗೆ ಬೇಡವಾದರೆ ಅದರ ಮ್ಯೂಟ್ ಬಟನ್ ಒತ್ತಿ.

ಬಿಲ್ಲಿನ ಮಾತು: ಸುಮ್ಮನೆ ಎಚ್ಚರವಾಗಿರುವ ಸೌಂಡ್‌ಬಾರ್ 10 ವ್ಯಾಟ್ ಎಳೆಯುತ್ತದೆ, ದಿನಕ್ಕೆ 18 ಗಂಟೆ ಹಾಗೇ ಇರುತ್ತದೆ ಎಂದುಕೊಳ್ಳಿ. 30 ದಿನಕ್ಕೆ 5.4 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಲೆಕ್ಕದಲ್ಲಿ ಸುಮಾರು 32 ರೂಪಾಯಿ. ಬಿಲ್ ಎರಡು ಪಟ್ಟಾಗದು, ಆದರೆ ವರ್ಷಕ್ಕೆ 390 ರೂಪಾಯಿ ಸುಮ್ಮನೆ ಹೋಗುತ್ತದೆ. ಅದೇ 0.5 ವ್ಯಾಟ್‌ನ ಸ್ಟ್ಯಾಂಡ್‌ಬೈಗೆ ಇಳಿದರೆ ತಿಂಗಳಿಗೆ ಎರಡು ರೂಪಾಯಿಯೂ ಆಗುವುದಿಲ್ಲ.

ಕೇಬಲ್ ವಿಷಯದಲ್ಲಿ ಚಿನ್ನದ ಲೇಪನಕ್ಕೆ ದುಡ್ಡು ಸುರಿಯಬೇಡಿ. ಸಿಇಸಿ ಸೆಕೆಂಡಿಗೆ ಸುಮಾರು 400 ಬಿಟ್‌ಗಳಷ್ಟೇ ವೇಗದ, ಬಹಳ ನಿಧಾನದ ಮಾತುಕತೆ. ಸರಿಯಾದ ಸಾಮಾನ್ಯ ಕೇಬಲ್ ಸಾಕು. ತೀರಾ ಕಳಪೆ ಕೇಬಲ್ ಅಥವಾ ಅಡಾಪ್ಟರ್‌ಗಳಲ್ಲಿ 13ನೇ ಪಿನ್‌ನ ತಂತಿಯೇ ಇಲ್ಲದಿರಬಹುದು. ಹೊಸದು ಕೊಳ್ಳುವ ಮುನ್ನ ಮನೆಯಲ್ಲಿರುವ ಇನ್ನೊಂದು ಎಚ್‌ಡಿಎಂಐ ಕೇಬಲ್ ಹಾಕಿ ನೋಡಿ.