ಬೆನ್ನಿನ ಅಗಲಕ್ಕೂ ಒಂದು ಇತಿಹಾಸ



ಓದುವ ಮೊದಲು ಒಂದು ಸಣ್ಣ ಪ್ರಯೋಗ ಮಾಡೋಣ. ಬಲ ಅಂಗೈಯನ್ನು ಮೇಜಿನ ಮೇಲಿಟ್ಟು ಬಲವಾಗಿ ಕೆಳಕ್ಕೆ ಒತ್ತಿ. ಎಡಗೈ ಬೆರಳುಗಳಿಂದ ಬಲ ಕಂಕುಳಿನ ಹಿಂಬದಿಯನ್ನು ಮುಟ್ಟಿ ನೋಡಿ. ದಪ್ಪನೆಯ ಮಾಂಸದ ಪಟ್ಟಿಯೊಂದು ಬಿಗಿಯುವುದು ತಿಳಿಯುತ್ತದೆ. ಅಲ್ಲಿ ದುಡಿಯುತ್ತಿರುವ ದೊಡ್ಡ ಸ್ನಾಯುವೇ ಲ್ಯಾಟಿಸಿಮಸ್ ಡಾರ್ಸೈ. ಈ ಲ್ಯಾಟಿನ್ ಹೆಸರಿಗೆ ‘ಬೆನ್ನಿನಲ್ಲಿ ಎಲ್ಲಕ್ಕಿಂತ ಅಗಲವಾದದ್ದು’ ಎಂದು ಅರ್ಥ. ಸೊಂಟದ ಮೂಳೆ, ಬೆನ್ನುಮೂಳೆಯ ಕೆಳಭಾಗ, ಕೊನೆಯ ಕೆಲವು ಪಕ್ಕೆಲುಬುಗಳು, ಇಷ್ಟು ಕಡೆಗಳಿಂದ ಹೊರಟು, ಬೀಸಣಿಗೆಯ ಕಡ್ಡಿಗಳಂತೆ ಒಂದೆಡೆ ಕೂಡಿ, ತೋಳಿನ ಮೂಳೆಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಮೇಲೆತ್ತಿದ ತೋಳನ್ನು ಕೆಳಕ್ಕೂ ಹಿಂದಕ್ಕೂ ಎಳೆಯುವುದು ಅದರ ಮುಖ್ಯ ಕೆಲಸ. ಮರ ಹತ್ತುವವನಿಗೂ ಈಜುವವನಿಗೂ ಅದು ಬೇಕೇ ಬೇಕು.

ಬೆನ್ನು ಅಗಲವಾಗಬೇಕೆಂಬ ಆಸೆ ನನಗೂ ಇತ್ತು. ಬಿ.ಎಸ್ಸಿ. ಓದುವಾಗ ಪ್ರತಿ ಬೆಳಿಗ್ಗೆ ನೂರಾರು ದಂಡ ಹೊಡೆಯುತ್ತಿದ್ದೆ. ಆಮೇಲೆ ಒಂದು ವ್ಯಾಯಾಮಶಾಲೆಗೆ ಸೇರಿ, ಸರಳನ್ನು ಕತ್ತಿನ ಹಿಂದಕ್ಕೆ ಎಳೆಯುವ ವ್ಯಾಯಾಮ ಮಾಡಿದೆ. ಬೆನ್ನು ಅಗಲವಾಗಲಿಲ್ಲ, ಭುಜ ಮಾತ್ರ ತಿಂಗಳುಗಟ್ಟಲೆ ನೋಯಿತು. ತರಗತಿಯಲ್ಲಿ ಬಲಕ್ಕೆ ಪರಿಮಾಣವಷ್ಟೇ ಅಲ್ಲ, ದಿಕ್ಕೂ ಇದೆ ಎಂದು ಬರೆದು ಅಂಕ ಪಡೆದಿದ್ದ ನಾನು, ನನ್ನ ಮೈಯ ವಿಷಯದಲ್ಲಿ ದಿಕ್ಕನ್ನೇ ಕೇಳಿರಲಿಲ್ಲ!

ಆದರೆ ನಮ್ಮ ಹಿಂದಿನವರು ಅದನ್ನು ಗಮನಿಸಿದ್ದರು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಕಾಲವದು. ಮೂರನೆಯ ಸೋಮೇಶ್ವರ ಸುಮಾರು 1131ರ ವೇಳೆಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ದೊಡ್ಡ ಗ್ರಂಥ ರಚಿಸಿದ. ಅದರಲ್ಲಿ ಮಲ್ಲರಿಗಾಗಿಯೇ ಒಂದು ಭಾಗವಿದೆ. ಮಲ್ಲರನ್ನು ವಿಂಗಡಿಸುವ ಬಗೆ, ಅವರ ಆಹಾರ, ಅವರ ಅಭ್ಯಾಸ ಎಲ್ಲವನ್ನೂ ಅರಸ ಹೇಳುತ್ತಾನೆ. ಅಭ್ಯಾಸಗಳಲ್ಲಿ ಭಾರ ಎತ್ತುವ ಭಾರಶ್ರಮದ ಜೊತೆಗೆ ನೀರಿನಲ್ಲಿ ಮಾಡುವ ಸಲಿಲಶ್ರಮ, ಕಂಬದ ಮೇಲೆ ಮಾಡುವ ಸ್ತಂಭಶ್ರಮಗಳೂ ಸೇರಿವೆ. ಈಜುವಾಗ ನೀರನ್ನು ಹಿಂದಕ್ಕೆ ಎಳೆಯುತ್ತೇವೆ. ಕಂಬ ಹತ್ತುವಾಗ ನಮ್ಮ ಮೈಯನ್ನೇ ಮೇಲಕ್ಕೆ ಎಳೆದುಕೊಳ್ಳುತ್ತೇವೆ. ಸ್ನಾಯುವಿನ ಲ್ಯಾಟಿನ್ ಹೆಸರು ತಿಳಿಯದೆಯೂ ಅದಕ್ಕೆ ತಕ್ಕ ಕೆಲಸ ಅಲ್ಲಿ ಸಿಗುತ್ತಿತ್ತು.

ನಮ್ಮ ಗರಡಿಮನೆಗಳಲ್ಲಿ ದಂಡ, ಬಸ್ಕಿ, ಗದೆ ಮುಖ್ಯವಾದವು. ದಂಡವು ನೆಲವನ್ನು ತಳ್ಳುವ ವ್ಯಾಯಾಮ. ಅದರ ಹೆಚ್ಚಿನ ಹೊರೆ ಎದೆ ಮತ್ತು ತೋಳಿನ ಹಿಂಬದಿಗೆ ಬೀಳುತ್ತದೆ. ಹಾಗಾದರೆ ಪೈಲ್ವಾನರ ಬೆನ್ನು ಹೇಗೆ ಬೆಳೆಯಿತು? ಅವರು ದಂಡ ಹೊಡೆದು ಮನೆಗೆ ಹೋಗುತ್ತಿರಲಿಲ್ಲ. ಅಖಾಡದಲ್ಲಿ ತಮ್ಮಷ್ಟೇ ತೂಕದ ಎದುರಾಳಿಯನ್ನು ದಿನವೂ ಹಿಡಿದು ಎಳೆಯುತ್ತಿದ್ದರು. ನಾನು ಗರಡಿಯ ಅರ್ಧ ಪಾಠವನ್ನಷ್ಟೇ ತೆಗೆದುಕೊಂಡಿದ್ದೆ.

ಯುರೋಪಿನಲ್ಲಿ 1811ರಲ್ಲಿ ಫ್ರೀಡ್ರಿಷ್ ಲುಡ್ವಿಗ್ ಯಾನ್ ಬರ್ಲಿನ್ ಹೊರವಲಯದ ಹಾಸನ್‌ಹೈಡೆಯಲ್ಲಿ ಬಯಲು ವ್ಯಾಯಾಮಶಾಲೆ ತೆರೆದ. ಅಡ್ಡಸರಳು, ಜೋಡಿಸರಳುಗಳ ವ್ಯಾಯಾಮ ಅಲ್ಲಿಂದ ಹರಡಿತು. ಮುಂದೆ 1904-05ರಲ್ಲಿ ಯೂಜೆನ್ ಸ್ಯಾಂಡೋ ಭಾರತದಲ್ಲಿ ಪ್ರವಾಸ ಮಾಡಿ ದೇಹದಾರ್ಢ್ಯ ಪ್ರದರ್ಶಿಸಿದ. ಇಂದಿಗೂ ನಮ್ಮ ಮನೆಗಳಲ್ಲಿ ತೋಳಿಲ್ಲದ ಬನಿಯನ್ನಿಗೆ ‘ಸ್ಯಾಂಡೋ’ ಎನ್ನುತ್ತೇವಲ್ಲ, ಅದು ಅವನದೇ ಹೆಸರು.

ಹೊರಗಿನಿಂದ ಬಂದದ್ದನ್ನೂ ಇಲ್ಲಿಯದನ್ನೂ ಬೆಸೆದವರಲ್ಲಿ ಬೆಂಗಳೂರಿನ ಕೆ.ವಿ. ಅಯ್ಯರ್ ಪ್ರಮುಖರು. ಕನ್ನಡ ಓದುಗರಿಗೆ ಅವರು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಲೇಖಕರು. ಆದರೆ ಅವರ ವೃತ್ತಿ ವ್ಯಾಯಾಮ ಶಿಕ್ಷಣ. ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ 1930ರಲ್ಲಿ ಬಂತು. 1937ರಲ್ಲಿ ಸೂರ್ಯನಮಸ್ಕಾರದ ಬಗ್ಗೆಯೂ ಬರೆದರು. ಭಾರ ಎತ್ತುವುದರ ಜೊತೆಗೆ ಆಸನಗಳನ್ನೂ ಕಲಿಸಿದರು. ಸ್ನಾಯು ಬಲವಾದರೆ ಸಾಲದು, ಕೀಲು ಸಲೀಸಾಗಿ ತಿರುಗಬೇಕು ಎನ್ನುವ ಪಾಠ ಅದರಲ್ಲಿದೆ. ನನ್ನ ಭುಜಕ್ಕೆ ಬೇಕಾಗಿದ್ದ ಪಾಠವೂ ಅದೇ.

ಇಪ್ಪತ್ತನೆಯ ಶತಮಾನದಲ್ಲಿ ದುಡಿಯುವ ಸ್ನಾಯುವಿನ ವಿದ್ಯುತ್ ಸಂಕೇತವನ್ನು ಅಳೆಯುವ ಎಲೆಕ್ಟ್ರೋಮಯೋಗ್ರಫಿ ಬಂತು. ಆಗ ಕಣ್ಣಳತೆಯ ನಂಬಿಕೆಗಳನ್ನು ಪರೀಕ್ಷಿಸುವುದು ಸಾಧ್ಯವಾಯಿತು. ಹಿಡಿತವನ್ನು ಅಗಲಿಸಿದಷ್ಟೂ ಬೆನ್ನು ಅಗಲವಾಗುತ್ತದೆ ಎಂಬ ಮಾತನ್ನು ಅಳತೆಗಳು ಒಪ್ಪಲಿಲ್ಲ. ಭುಜಕ್ಕಿಂತ ತುಸು ಅಗಲದ ಹಿಡಿತ ಸಾಕು. ಸರಳನ್ನು ಕತ್ತಿನ ಹಿಂದಕ್ಕೆ ಎಳೆಯುವುದರಿಂದ ಹೆಚ್ಚಿನ ಲಾಭವೂ ಕಾಣಲಿಲ್ಲ. ಭುಜ ಅಷ್ಟು ಹಿಂದಕ್ಕೆ ತಿರುಗದವರಿಗೆ ಅದು ತೊಂದರೆಯನ್ನೂ ಕೊಡಬಲ್ಲದು.

ಹಾಗಾದರೆ ನೀವು ಯಾವುದನ್ನು ಆರಿಸಬೇಕು? ಮೇಲಿನಿಂದ ಕೆಳಕ್ಕೆ ಎಳೆಯುವ ಒಂದು, ಮುಂದಿನಿಂದ ಹಿಂದಕ್ಕೆ ಎಳೆಯುವ ಒಂದು ಸಾಕು. ಮೊದಲನೆಯದಕ್ಕೆ ಸರಳಿಗೆ ಜೋತು ಗಲ್ಲವನ್ನು ಮೇಲೆ ತರುವುದು. ಯಂತ್ರವಿದ್ದರೆ ಸರಳನ್ನು ಎದೆಯ ಮುಂದಕ್ಕೆ ಎಳೆಯುವುದು. ಒಂದು ಸಲವೂ ಏರಲಾಗದಿದ್ದರೆ ನಾಚಬೇಡಿ. ಗಟ್ಟಿ ಸ್ಟೂಲಿನ ಮೇಲೆ ನಿಂತು ಗಲ್ಲವನ್ನು ಸರಳಿನ ಮೇಲಿಟ್ಟು, ನಿಧಾನವಾಗಿ ಕೆಳಗಿಳಿಯುವುದನ್ನು ಅಭ್ಯಾಸ ಮಾಡಿ. ಎರಡನೆಯದಕ್ಕೆ ಒಂದು ಕೈಯನ್ನು ಬೆಂಚಿನ ಮೇಲೂರಿ, ಇನ್ನೊಂದು ಕೈಯಿಂದ ಪುಸ್ತಕ ತುಂಬಿದ ಚೀಲವನ್ನು ಸೊಂಟದತ್ತ ಎಳೆಯಿರಿ. ನಡುವೆ ಒಂದೆರಡು ದಿನ ಬಿಡುವು ಕೊಡಿ, ಭಾರವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿ. ನೋವು ಬಂದರೆ ನಿಲ್ಲಿಸಿ.

ಇನ್ನೊಂದು ಮಾತು. ಭುಜದ ಮೂಳೆಗಳ ಉದ್ದವನ್ನು ಯಾವ ವ್ಯಾಯಾಮವೂ ನಿಮ್ಮ ಇಷ್ಟದಂತೆ ಬದಲಿಸದು. ಗೆಳೆಯನ ಬೆನ್ನು ನಿಮ್ಮದಾಗುವುದಿಲ್ಲ. ನಿಮ್ಮದೇ ಬೆನ್ನು ಬಲವಾಗುತ್ತದೆ. ಬೇಗ ಬೆಳೆಸುತ್ತೇವೆಂದು ಯಾರಾದರೂ ಮಾತ್ರೆ, ಚುಚ್ಚುಮದ್ದು ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ನಾಳೆ ಯಾವುದಾದರೂ ಹೊಸ ವ್ಯಾಯಾಮ ಕಂಡಾಗ ಅದನ್ನು ಮಾಡುವವರ ಮೈಕಟ್ಟು ನೋಡಿ ಮರುಳಾಗುವ ಮೊದಲು ಒಂದು ಪ್ರಶ್ನೆ ಕೇಳಿ: ಇಲ್ಲಿ ನನ್ನ ತೋಳು ಯಾವ ದಿಕ್ಕಿಗೆ ಎಳೆಯುತ್ತಿದೆ? ಉತ್ತರ ಬೇಕಾದರೆ ಮತ್ತೆ ಕಂಕುಳಿನ ಹಿಂದೆ ಬೆರಳಿಟ್ಟು ನೋಡಿ.